ಬಂಡೆಯೊಳಗಿನ ನಗರ ಮಾತೇರ

ಇಟಲಿ ದೇಶವು ಭೂಪಟದಲ್ಲಿ ಬೂಟಿನ ಆಕಾರದಲ್ಲಿರುವುದನ್ನು ಶಾಲೆಯಲ್ಲಿ ಭೂಗೋಳ ಕಲಿತವರೆಲ್ಲರೂ ಬಲ್ಲರು. ಆ ಬೂಟಿನ ಹಿಮ್ಮಡಿಯೇ ಪುಲಿಯಾ ಪ್ರಾಂತ. ಅದರ ತುದಿಯೇ ಕಲಾಬ್ರಿಯಾ. ಇವೆರಡರ ನಡುವೆ, ಅಂಗಾಲು ಒಳಸರಿದಿರುವ ಎಡೆಯಲ್ಲಿ, ಗುಡ್ಡಬೆಟ್ಟಗಳಿಂದ ತುಂಬಿದ ಬಸಿಲಿಕಾತಾ ಎಂಬ ಪ್ರಾಂತವಿದೆ. ಪ್ರಾಚೀನರು ಇದನ್ನು ಲುಕಾನಿಯಾ ಎಂದು ಕರೆಯುತ್ತಿದ್ದರು. ರೋಮ್, ವೆನಿಸ್, ಫ್ಲಾರೆನ್ಸ್ ಮುಂತಾದ ನಗರಗಳ ವೈಭವವನ್ನು ಕಂಡು ಹೊಗಳಿದ ಯಾತ್ರಿಕರು ಬಹುಕಾಲ ಇತ್ತ ತಲೆ ಹಾಕಿದವರಲ್ಲ.

ಈ ಪ್ರಾಂತದ ಪೂರ್ವದ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು ೪೦೦ ಮೀಟರ್ ಎತ್ತರದಲ್ಲಿ, ಮಾತೇರ ಎಂಬ ನಗರವಿದೆ. ೧೯೪೮ರಲ್ಲಿ ಇಟಲಿಯ ರಾಜಕೀಯ ಮುಖಂಡರು ಈ ಊರಿನ ಹಳೆಯ ಕೇರಿಗಳನ್ನು ನೋಡಿ, ಇದು ರಾಷ್ಟ್ರಕ್ಕೇ ನಾಚಿಕೆಗೇಡು ಎಂದು ಸಾರಿದರು. ೧೯೫೨ರಲ್ಲಿ ಪಾರ್ಲಿಮೆಂಟು ವಿಶೇಷ ಕಾನೂನನ್ನು ಮಾಡಿ ಅಲ್ಲಿಯ ಜನರನ್ನು ಬೇರೆಡೆಗೆ ಸಾಗಿಸಲು ನಿಶ್ಚಯಿಸಿತು. ಆದರೆ ೧೯೯೩ರಲ್ಲಿ ಯುನೆಸ್ಕೋ ಸಂಸ್ಥೆಯು ಅವೇ ಕೇರಿಗಳನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿ ಗೌರವಿಸಿತು. ಬಂಡೆಯೂ ಅದೇ, ಮನೆಗಳೂ ಅವೇ. ನಾಲ್ಕೇ ದಶಕಗಳಲ್ಲಿ ಅವಮಾನವು ಅಭಿಮಾನವಾದ ಬಗೆ ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಬೇಕಾದರೆ ಮೊದಲು ಆ ಊರಿನ ನೆಲವನ್ನು ಅರಿಯಬೇಕು.

ಕಮರಿಯ ಅಂಚಿನಲ್ಲಿ

ಮಾತೇರದ ಸುತ್ತ ಮುರ್ಜಾ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿ ಹರಡಿದೆ. ಮರಗಳು ವಿರಳ, ಕುರುಚಲು ಗಿಡಗಳೂ ಒಣಹುಲ್ಲೂ ಹೇರಳ. ಈ ಪ್ರಸ್ಥಭೂಮಿಯನ್ನು ಸೀಳಿಕೊಂಡು ಗ್ರವೀನಾ ಎಂಬ ಹಳ್ಳವು ಆಳವಾದ ಕಮರಿಯಲ್ಲಿ ಹರಿದು, ಬ್ರದಾನೋ ನದಿಯನ್ನು ಸೇರುತ್ತದೆ. ಆ ನದಿಯು ಮುಂದೆ ಅಯೋನಿಯನ್ ಸಮುದ್ರವನ್ನು ಕೂಡುತ್ತದೆ. ಹಳೆಯ ಮಾತೇರವು ಈ ಕಮರಿಯ ಪಶ್ಚಿಮದ ಅಂಚಿಗೆ ಅಂಟಿಕೊಂಡಂತೆ ಇಳಿಜಾರಿನಲ್ಲಿ ನಿಂತಿದೆ.

ಇಲ್ಲಿಯ ಕಲ್ಲಿನ ಗುಣವೇ ಊರಿನ ಚರಿತ್ರೆಯ ಮೂಲ. ಕಮರಿಯ ತಳದಲ್ಲಿ ಗಟ್ಟಿಯಾದ ಸುಣ್ಣಕಲ್ಲಿದೆ. ಅದರ ಮೇಲೆ, ಪುರಾತನ ಸಮುದ್ರದ ಮರಳೂ ಕಪ್ಪೆಚಿಪ್ಪುಗಳೂ ಕೂಡಿ ಹೆಪ್ಪುಗಟ್ಟಿದ ಮೃದುವಾದ ಹಳದಿ ಕಲ್ಲಿನ ಪದರವಿದೆ. ಇದನ್ನು ಸ್ಥಳೀಯರು ತೂಫೋ ಎನ್ನುತ್ತಾರೆ. ಗುದ್ದಲಿಯಿಂದ ಅಗೆಯಬಹುದು, ಗರಗಸದಿಂದ ಕೊಯ್ಯಬಹುದು. ಮರ ದುರ್ಲಭವಾಗಿ ಕಲ್ಲು ಸುಲಭವಾದ ಇಂತಹ ನಾಡಿನಲ್ಲಿ ಮನುಷ್ಯನು ಮನೆಯನ್ನು ಕಟ್ಟುವ ಬದಲು ಕೊರೆದುದರಲ್ಲಿ ಆಶ್ಚರ್ಯವೇನು? ಕೊರೆದಾಗ ಹೊರಬಂದ ಕಲ್ಲನ್ನೂ ಅವನು ವ್ಯರ್ಥಮಾಡಲಿಲ್ಲ. ಅದನ್ನೇ ಚೌಕವಾಗಿ ಕಡಿದು ಗುಹೆಯ ಮುಂದೆ ಕಮಾನು, ಗೋಡೆ, ಮೊಗಸಾಲೆಗಳನ್ನು ಕಟ್ಟಿದನು. ಹೀಗೆ ಅರ್ಧ ಗುಹೆ, ಅರ್ಧ ಕಟ್ಟಡವಾದ ಮನೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರನ್ನೆಲ್ಲ ವ್ಯಾಪಿಸಿದವು. ಕೆಳಗಿನವನ ಮನೆಯ ಚಾವಣಿಯೇ ಮೇಲಿನವನ ಬೀದಿಯಾಯಿತು.

ಈ ಕೇರಿಗಳಿಗೆ ಸಾಸ್ಸಿ ಎಂದು ಹೆಸರು. ಸಾಸ್ಸೋ ಎಂದರೆ ಕಲ್ಲು. ಅದರ ಬಹುವಚನವೇ ಸಾಸ್ಸಿ. ಉತ್ತರದ ಕೇರಿ ಸಾಸ್ಸೋ ಬಾರಿಸಾನೋ. ದಕ್ಷಿಣದ್ದು ಸಾಸ್ಸೋ ಕವೆಯೋಸೋ. ಎರಡರ ನಡುವೆ ಚೀವಿತಾ ಎಂಬ ದಿಬ್ಬವಿದ್ದು ಅದರ ನೆತ್ತಿಯ ಮೇಲೆ ಪ್ರಧಾನ ದೇವಾಲಯವು ನಿಂತಿದೆ. ಇವೆಲ್ಲಕ್ಕೂ ಮೇಲೆ, ಬಯಲಿನಲ್ಲಿ, ಪಿಯಾನೋ ಎಂಬ ಹೊಸ ಪೇಟೆಯಿದೆ. ಬಡವರು ಕೆಳಗೆ, ಸಿರಿವಂತರು ಮೇಲೆ ಎಂಬ ವಿಭಜನೆಯು ಕಾಲಕ್ರಮದಲ್ಲಿ ಉಂಟಾದುದು. ಆರಂಭದಲ್ಲಿ ಹಾಗಿರಲಿಲ್ಲ.

ಸಾವಿರಾರು ವರ್ಷಗಳ ವಾಸ

ಈ ಕಮರಿಯ ಬಳಿಯಲ್ಲಿ ಶಿಲಾಯುಗದಿಂದಲೂ ಜನವಸತಿಯಿದ್ದುದಕ್ಕೆ ಪುರಾವೆಗಳಿವೆ. ಮಾತೇರದವರೇ ಆದ ದೊಮೆನಿಕೋ ರಿದೋಲಾ (೧೮೪೧-೧೯೩೨) ಎಂಬ ವೈದ್ಯರು ಕಮರಿಯ ಆಚೆಯ ದಡದಲ್ಲಿ ನವಶಿಲಾಯುಗದ ಗ್ರಾಮಗಳ ಅವಶೇಷಗಳನ್ನು ಶೋಧಿಸಿದರು. ಊರನ್ನು ಸುತ್ತುವರಿದ ಕಂದಕಗಳನ್ನು ಆ ಕಾಲದ ಜನ ಬಂಡೆಯಲ್ಲಿಯೇ ತೋಡಿದ್ದರು. ರಿದೋಲಾ ಅವರು ತಮ್ಮ ಸಂಗ್ರಹವನ್ನು ಸರಕಾರಕ್ಕೆ ಒಪ್ಪಿಸಿದುದರಿಂದ ೧೯೧೧ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯವು ಸ್ಥಾಪಿತವಾಯಿತು.

ಮುಂದೆ ಗ್ರೀಕರು ಸಮುದ್ರತೀರದ ಮೆತಾಪೊಂತೋದಲ್ಲಿ ನೆಲೆಸಿದರು. ರೇಖಾಗಣಿತದ ಪ್ರಮೇಯದಿಂದ ನಮಗೆಲ್ಲ ಪರಿಚಿತನಾದ ಪೈಥಾಗೊರಸನು ತನ್ನ ಕೊನೆಯ ದಿನಗಳನ್ನು ಅಲ್ಲಿಯೇ ಕಳೆದನೆಂಬ ಪ್ರತೀತಿಯಿದೆ. ಬಳಿಕ ರೋಮನರು, ಲೊಂಬಾರ್ಡರು, ಬೈಜಾಂಟಿಯನರು, ಅರಬರು, ನಾರ್ಮನರು ಒಬ್ಬರಾದಮೇಲೊಬ್ಬರು ಈ ನಾಡಿಗಾಗಿ ಹೋರಾಡಿದರು. ಕ್ರಿ.ಶ. ೮೬೭ರಲ್ಲಿ ಚಕ್ರವರ್ತಿ ಎರಡನೆಯ ಲೂಯಿಯು ಅರಬರನ್ನು ಹೊರಗಟ್ಟುವ ದಂಡಯಾತ್ರೆಯಲ್ಲಿ ಊರಿಗೆ ಬೆಂಕಿಯಿಕ್ಕಿದನು. ಆದರೆ ಬಂಡೆಯ ಮನೆಗಳು ಸುಟ್ಟು ಹೋಗುವಂಥವಲ್ಲ. ಜನರು ಮತ್ತೆ ಬಂದು ನೆಲೆಸಿದರು.

ಮಧ್ಯಯುಗದಲ್ಲಿ ಪೂರ್ವದ ಗ್ರೀಕ್ ಸಂಪ್ರದಾಯದ ಮತ್ತು ಪಶ್ಚಿಮದ ಲ್ಯಾಟಿನ್ ಸಂಪ್ರದಾಯದ ಕ್ರೈಸ್ತ ಸನ್ಯಾಸಿಗಳು ಈ ಕಮರಿಯ ಗುಹೆಗಳಲ್ಲಿ ವಾಸಿಸಿ, ಬಂಡೆಯಲ್ಲಿಯೇ ಕಂಬ, ಕಮಾನು, ಗರ್ಭಗೃಹಗಳುಳ್ಳ ಪ್ರಾರ್ಥನಾಮಂದಿರಗಳನ್ನು ಕೊರೆದರು. ಊರಿನಲ್ಲಿಯೂ ಸುತ್ತಲೂ ಇಂತಹವು ಸುಮಾರು ೧೫೦ ಇವೆ. ಗೋಡೆಗಳ ಮೇಲಿನ ಸಂತರ ವರ್ಣಚಿತ್ರಗಳಲ್ಲಿ ಪೂರ್ವ ಪಶ್ಚಿಮಗಳೆರಡರ ಶೈಲಿಯೂ ಬೆರೆತಿದೆ. ದಿಬ್ಬದ ಮೇಲಿನ ಪ್ರಧಾನ ದೇವಾಲಯವು ಕ್ರಿ.ಶ. ೧೨೩೦ರಿಂದ ೧೨೭೦ರವರೆಗಿನ ಅವಧಿಯಲ್ಲಿ ನಿರ್ಮಿತವಾಯಿತು.

ಮಾತೇರದ ಜನ ಬಡವರಾದರೂ ತಲೆಬಾಗಿ ನಡೆದವರಲ್ಲ. ೧೫೧೪ರ ಡಿಸೆಂಬರ್ ೨೯ರಂದು ನಡೆದ ಘಟನೆಯೇ ಇದಕ್ಕೆ ಸಾಕ್ಷಿ. ಆಗಿನ ಪಾಳೆಯಗಾರನಾದ ಜೊವಾನ್ನಿ ಕಾರ್ಲೋ ತ್ರಮೊಂತಾನೋ ಎಂಬವನು ತನ್ನ ಸಾಲಗಳ ಭಾರವನ್ನು ಪ್ರಜೆಗಳ ಮೇಲೆ ತೆರಿಗೆಯ ರೂಪದಲ್ಲಿ ಹೇರಿದನು. ಸಹನೆ ಮೀರಿದ ಜನರು ದೇವಾಲಯದಿಂದ ಹೊರಬರುತ್ತಿದ್ದ ಅವನನ್ನು ಪಕ್ಕದ ಓಣಿಯಲ್ಲಿ ಕೊಂದರು. ಆ ಓಣಿಗೆ ಇಂದಿಗೂ ವಿಮೋಚನೆ ಎಂಬ ಅರ್ಥದ ಹೆಸರೇ ಇದೆ. ಅವನು ಕಟ್ಟಿಸಲಾರಂಭಿಸಿದ ಕೋಟೆಯು ಅಪೂರ್ಣವಾಗಿಯೇ ನಿಂತಿದೆ. ೧೬೬೩ರಲ್ಲಿ ಮಾತೇರವು ಬಸಿಲಿಕಾತಾದ ರಾಜಧಾನಿಯಾಯಿತು. ೧೮೦೬ರಲ್ಲಿ, ನೆಪೋಲಿಯನನ ಅಣ್ಣನಾದ ಜೋಸೆಫನ ಆಳ್ವಿಕೆಯಲ್ಲಿ, ಆ ಪದವಿಯು ಪೊತೆಂಜಾ ನಗರಕ್ಕೆ ಹೋಯಿತು.

ನೀರಿನ ಲೆಕ್ಕಾಚಾರ

ಈ ಊರಿನ ನಿಜವಾದ ಜಾಣ್ಮೆಯು ಅರಮನೆಗಳಲ್ಲಿಲ್ಲ, ನೀರಿನಲ್ಲಿದೆ. ಹಳ್ಳವು ಕಮರಿಯ ತಳದಲ್ಲಿ, ಜನವಸತಿಯು ಮೇಲೆ. ಮಳೆಯೂ ಅಲ್ಪ. ಆದುದರಿಂದ ಪ್ರತಿಯೊಂದು ಹನಿಯನ್ನೂ ಕೂಡಿಡುವುದು ಅನಿವಾರ್ಯವಾಯಿತು. ಚಾವಣಿಗಳಿಂದಲೂ ಅಂಗಳಗಳಿಂದಲೂ ಕಾಲುವೆಗಳ ಮೂಲಕ ಮಳೆನೀರನ್ನು ಹರಿಸಿ, ಬಂಡೆಯಲ್ಲಿ ಗಂಟೆಯ ಆಕಾರದಲ್ಲಿ ಕೊರೆದ ತೊಟ್ಟಿಗಳಲ್ಲಿ ತುಂಬಿಸುತ್ತಿದ್ದರು. ನೀರು ಸೋರದಂತೆ ಒಳಮೈಗೆ ಮಡಕೆಯ ಚೂರುಗಳ ಪುಡಿಯನ್ನು ಸುಣ್ಣದೊಂದಿಗೆ ಕಲಸಿದ ಗಾರೆಯನ್ನು ಬಳಿಯುತ್ತಿದ್ದರು. ಮನೆಯೊಂದಕ್ಕೆ, ಇಲ್ಲವೆ ಅಂಗಳವೊಂದಕ್ಕೆ, ಒಂದೊಂದು ತೊಟ್ಟಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿದ್ಯೆಯು ಶಿಖರಕ್ಕೇರಿತು. ಪೇಟೆಯ ಮುಖ್ಯ ಚೌಕದ ಅಡಿಯಲ್ಲಿ ಪಲೊಂಬಾರೋ ಎಂಬ ಭಾರಿ ತೊಟ್ಟಿಯನ್ನು ತೋಡಲಾಯಿತು. ಎತ್ತರವಾದ ಕಲ್ಲಿನ ಕಂಬಗಳುಳ್ಳ ಅದರೊಳಗೆ ನಿಂತರೆ ಭೂಮಿಯೊಳಗಿನ ದೇವಾಲಯವನ್ನು ಹೊಕ್ಕಂತೆ ಭಾಸವಾಗುವುದು. ಸುಮಾರು ೫೦ ಲಕ್ಷ ಲೀಟರ್ ನೀರನ್ನು ಅದು ಹಿಡಿಯಬಲ್ಲುದಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ನಲ್ಲಿಯ ನೀರು ಬಂದ ಮೇಲೆ ಜನ ಅದನ್ನು ಮರೆತೇಬಿಟ್ಟರು. ೧೯೯೧ರಲ್ಲಿ ಚೌಕದ ದುರಸ್ತಿಯ ಸಂದರ್ಭದಲ್ಲಿ ಅದು ಮತ್ತೆ ಬೆಳಕಿಗೆ ಬಂದಿತು.

ವಠಾರವೂ ಬ್ರೆಡ್ಡಿನ ಅಚ್ಚೂ

ಸಾಸ್ಸಿಯ ಮನೆಗಳು ಒಂದೊಂದಾಗಿ ನಿಂತವಲ್ಲ. ಒಂದು ಅಂಗಳದ ಸುತ್ತ ಹಲವು ಬಾಗಿಲುಗಳು ತೆರೆಯುತ್ತಿದ್ದವು. ಇದನ್ನು ಅವರು ವಿಚಿನಾತೋ ಎನ್ನುತ್ತಿದ್ದರು. ನಾವು ವಠಾರ ಎಂದರೆ ಅರ್ಥವು ಸರಿಯಾಗಿ ಹೊಂದುತ್ತದೆ. ನಡುವೆ ತೊಟ್ಟಿಯ ಬಾಯಿ. ಬಟ್ಟೆ ಒಗೆಯುವುದು, ಕಾಳು ಹಸನು ಮಾಡುವುದು, ಮಕ್ಕಳನ್ನು ನೋಡಿಕೊಳ್ಳುವುದು ಎಲ್ಲವೂ ಅಲ್ಲಿಯೇ. ಒಬ್ಬರ ಮನೆಯ ಸಾವು ವಠಾರಕ್ಕೆಲ್ಲ ಸೂತಕ. ಒಬ್ಬರ ಮನೆಯ ಮದುವೆ ವಠಾರಕ್ಕೆಲ್ಲ ಹಬ್ಬ. ಜಗಳಗಳೂ ಅಷ್ಟೇ ಧಾರಾಳವಾಗಿದ್ದವು ಎಂಬುದನ್ನು ವಠಾರಗಳಲ್ಲಿ ಬಾಳಿದವರಿಗೆ ಹೇಳಬೇಕಾದುದಿಲ್ಲ.

ಮಾತೇರದ ಬ್ರೆಡ್ಡು ಇಟಲಿಯಲ್ಲೆಲ್ಲ ಹೆಸರಾದುದು. ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಗಟ್ಟಿ ಗೋಧಿಯ ರವೆಹಿಟ್ಟನ್ನು ಹುಳಿಹಿಟ್ಟಿನೊಂದಿಗೆ ನಾದಿ, ಉಬ್ಬಿದ ಮೇಲೆ ದೊಡ್ಡ ಉಂಡೆಗಳನ್ನಾಗಿ ಕಟ್ಟಿ ಸುಡುತ್ತಾರೆ. ಹೊರಪದರವು ಗರಿಗರಿ, ಒಳಗೆ ಹಳದಿ ಬಣ್ಣ, ಹಲವು ದಿನ ಕೆಡುವುದಿಲ್ಲ. ಹಿಟ್ಟನ್ನು ಮನೆಯಲ್ಲಿ ನಾದಿ, ಊರಿನ ಸಾಮಾನ್ಯ ಭಟ್ಟಿಗೆ ಕಳುಹಿಸುವುದು ರೂಢಿಯಾಗಿತ್ತು. ನೂರಾರು ಉಂಡೆಗಳಲ್ಲಿ ತಮ್ಮದು ಯಾವುದೆಂದು ಗುರುತಿಸುವ ಬಗೆ ಹೇಗೆ? ಅದಕ್ಕಾಗಿ ಪ್ರತಿ ಕುಟುಂಬವೂ ಮರದಲ್ಲಿ ಕೆತ್ತಿದ ಒಂದು ಅಚ್ಚನ್ನು ಇಟ್ಟುಕೊಂಡಿರುತ್ತಿತ್ತು. ಯಜಮಾನನ ಹೆಸರಿನ ಮೊದಲ ಅಕ್ಷರಗಳುಳ್ಳ ಆ ಅಚ್ಚನ್ನು ಹಸಿ ಹಿಟ್ಟಿನ ಮೇಲೆ ಒತ್ತಿ ಕಳುಹಿಸಿದರೆ, ಬೆಂದ ಬ್ರೆಡ್ಡು ತಪ್ಪದೆ ಮನೆಗೆ ಮರಳುತ್ತಿತ್ತು. ಮಂದೆ ಮೇಯಿಸುತ್ತ ಕಾಲ ಕಳೆಯುವ ಕುರುಬರು ಅಚ್ಚಿನ ಹಿಡಿಯಲ್ಲಿ ಹುಂಜ, ಮನುಷ್ಯ ಮುಂತಾದ ಆಕೃತಿಗಳನ್ನು ಕೆತ್ತುತ್ತಿದ್ದರು. ೨೦೦೮ರಲ್ಲಿ ಐರೋಪ್ಯ ಒಕ್ಕೂಟವು ಈ ಬ್ರೆಡ್ಡಿಗೆ ಭೌಗೋಳಿಕ ಗುರುತಿನ ರಕ್ಷಣೆಯನ್ನು ನೀಡಿತು.

ಸಂಕಟದ ದಿನಗಳು

ಇಷ್ಟು ಜಾಣ್ಮೆಯುಳ್ಳ ಊರು ನಾಚಿಕೆಗೇಡಾದುದು ಏಕೆ? ಗುಹೆಗಳಿಂದಲ್ಲ, ಇಕ್ಕಟ್ಟಿನಿಂದ ಮತ್ತು ಬಡತನದಿಂದ. ಜನಸಂಖ್ಯೆ ಬೆಳೆಯಿತು, ಜಮೀನು ಬೆಳೆಯಲಿಲ್ಲ. ಉಳ್ಳವರು ಮೇಲಿನ ಪೇಟೆಗೆ ಮನೆಗಳನ್ನು ಬದಲಾಯಿಸಿದರು. ಉಳಿದವರು ತೊಟ್ಟಿಗಳನ್ನೂ ಉಗ್ರಾಣಗಳನ್ನೂ ಕೊಟ್ಟಿಗೆಗಳನ್ನೂ ಮನೆಗಳಾಗಿ ಮಾಡಿಕೊಂಡರು. ನೀರಿಗಾಗಿ ಕೊರೆದ ಕಿಟಕಿಯಿಲ್ಲದ ಕುಳಿಯಲ್ಲಿ ಮನುಷ್ಯನು ವಾಸಿಸತೊಡಗಿದಾಗ, ನೀರಿನ ವ್ಯವಸ್ಥೆಯೂ ಕೆಟ್ಟಿತು, ವಾಸವೂ ಕೆಟ್ಟಿತು. ಒಂದೇ ಕೋಣೆಯಲ್ಲಿ ಎತ್ತರದ ಮಂಚ, ಮಂಚದ ಅಡಿಯಲ್ಲಿ ಕೋಳಿಗಳು, ಮೇಲಿನಿಂದ ತೂಗುವ ತೊಟ್ಟಿಲು, ಒಳಭಾಗದಲ್ಲಿ ಹೇಸರಗತ್ತೆ. ಪಶುವಿನ ಮೈಯ ಶಾಖವೇ ಚಳಿಗಾಲದ ಬೆಚ್ಚನೆ. ಗಂಡಸರು ನಸುಕಿನಲ್ಲೆದ್ದು ಮೈಲುಗಟ್ಟಲೆ ನಡೆದು ಪರರ ಹೊಲಗಳಲ್ಲಿ ದುಡಿದು, ಕತ್ತಲಾದ ಮೇಲೆ ಹಿಂದಿರುಗುತ್ತಿದ್ದರು. ಕಣಿವೆಗಳಲ್ಲಿ ಮಲೇರಿಯಾ ಸದಾ ಮನೆಮಾಡಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಬಸಿಲಿಕಾತಾದ ಸಾವಿರಾರು ಜನರು ಹಡಗು ಹತ್ತಿ ಅಮೆರಿಕಕ್ಕೂ ಅರ್ಜೆಂಟೀನಾಕ್ಕೂ ಹೋದರು.

೧೯೩೫ರಲ್ಲಿ ಫ್ಯಾಸಿಸ್ಟ್ ಸರಕಾರವು ತೂರಿನ್ ನಗರದ ವೈದ್ಯನೂ ಚಿತ್ರಕಾರನೂ ಆದ ಕಾರ್ಲೋ ಲೇವಿಯನ್ನು ಈ ಪ್ರಾಂತದ ಹಳ್ಳಿಗಳಿಗೆ ಗಡೀಪಾರು ಮಾಡಿತು. ಆ ಅನುಭವವನ್ನು ಅವನು ೧೯೪೫ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದನು. ಕ್ರಿಸ್ತನು ಎಬೊಲಿಯಲ್ಲಿಯೇ ನಿಂತುಬಿಟ್ಟನು ಎಂಬುದು ಅದರ ಶಿರೋನಾಮೆಯ ಅರ್ಥ. ರಸ್ತೆಯೂ ರೈಲೂ ಕರಾವಳಿಯನ್ನು ಬಿಟ್ಟು ಒಳನಾಡಿಗೆ ತಿರುಗುವ ಸ್ಥಳವೇ ಎಬೊಲಿ. ನಾಗರಿಕತೆಯು ಅದರಿಂದ ಮುಂದಕ್ಕೆ ಬರಲಿಲ್ಲವೆಂಬುದು ರೈತರ ನೋವು. ಲೇವಿಯ ಸೋದರಿಯೂ ವೈದ್ಯಳು. ಅವನನ್ನು ನೋಡಲು ಹೋಗುವಾಗ ಮಾತೇರದಲ್ಲಿ ಅವಳು ಕಂಡ ದೃಶ್ಯಗಳನ್ನು ಪುಸ್ತಕವು ಬಣ್ಣಿಸುತ್ತದೆ. ಕಣ್ಣಿನ ರೋಗದಿಂದ ರೆಪ್ಪೆ ಊದಿದ, ಜ್ವರದಿಂದ ಒಣಗಿದ ಮಕ್ಕಳು ಅವಳ ಬೆನ್ನಟ್ಟಿ ಬೇಡಿದುದು ಕಾಸನ್ನಲ್ಲ, ಮಿಠಾಯಿಯನ್ನಲ್ಲ, ಕ್ವಿನೀನ್ ಮದ್ದನ್ನು. ಈ ವೃತ್ತಾಂತವು ಇಡೀ ದೇಶದ ಮನಸ್ಸನ್ನು ಕಲಕಿತು.

ಈ ನಡುವೆ ಎರಡನೆಯ ಮಹಾಯುದ್ಧವೂ ಬಂದು ಹೋಗಿತ್ತು. ೧೯೪೩ರ ಸೆಪ್ಟೆಂಬರ್ ೨೧ರಂದು ಮಾತೇರದ ಜನರು ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯದ ವಿರುದ್ಧ ದಂಗೆಯೆದ್ದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಅದೇ ತಿಂಗಳು ಸಮೀಪದ ತಾರಾಂತೋ ಬಂದರಿನಲ್ಲಿ ಭಾರತೀಯ ಸೇನೆಯ ೮ನೆಯ ಡಿವಿಜನ್ ಬಂದಿಳಿದು, ಪೂರ್ವ ಕರಾವಳಿಯತ್ತ ಸಾಗಿತು. ನಮ್ಮ ಬೆಳಗಾವಿಯನ್ನು ಕೇಂದ್ರವಾಗಿ ಉಳ್ಳ ಮರಾಠಾ ಪದಾತಿದಳದ ಸಿಪಾಯಿಗಳೂ ಅದರಲ್ಲಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಹೊರಟವರೂ ಮರಳಿದವರೂ

೧೯೪೮ರಲ್ಲಿ ಕಮ್ಯೂನಿಸ್ಟ್ ನಾಯಕ ಪಾಲ್ಮಿರೋ ತೊಲ್ಯಾತ್ತಿ, ೧೯೫೦ರ ಜುಲೈಯಲ್ಲಿ ಪ್ರಧಾನಮಂತ್ರಿ ಅಲ್ಚೀದೆ ದೆ ಗಾಸ್ಪೆರಿ ಸಾಸ್ಸಿಯನ್ನು ಕಣ್ಣಾರೆ ಕಂಡರು. ಪರಸ್ಪರ ವಿರೋಧಿಗಳಾದ ಇವರಿಬ್ಬರೂ ಈ ಒಂದು ವಿಷಯದಲ್ಲಿ ಒಂದೇ ನಿಲುವಿಗೆ ಬಂದರು. ೧೯೫೨ರ ಮೇ ೧೭ರ ಕಾನೂನಿನಂತೆ, ಮುಂದಿನ ವರ್ಷಗಳಲ್ಲಿ ಸುಮಾರು ೧೫,೦೦೦ ಜನರನ್ನು ಹೊಸ ಬಡಾವಣೆಗಳಿಗೆ ಸಾಗಿಸಲಾಯಿತು. ಟೈಪ್‌ರೈಟರಿನಿಂದ ನಮ್ಮ ಗುಮಾಸ್ತರಿಗೆಲ್ಲ ಹೆಸರು ತಿಳಿದಿರುವ ಒಲಿವೆತ್ತಿ ಕಾರಖಾನೆಯ ಒಡೆಯ ಅದ್ರಿಯಾನೋ ಒಲಿವೆತ್ತಿಯವರೂ ಈ ಕಾರ್ಯದಲ್ಲಿ ಆಸಕ್ತಿ ವಹಿಸಿ, ಜನಜೀವನದ ಅಧ್ಯಯನಕ್ಕೆ ವಿದ್ವಾಂಸರ ಮಂಡಲಿಯೊಂದು ರೂಪುಗೊಳ್ಳಲು ನೆರವಾದರು. ಶಿಲ್ಪಿ ಲುದೊವೀಕೋ ಕ್ವರೋನಿಯವರ ತಂಡವು ಯೋಜಿಸಿದ ಲಾ ಮಾರ್ತೆಲ್ಲಾ ಎಂಬ ಗ್ರಾಮದಲ್ಲಿ ಹಳೆಯ ವಠಾರದ ನಂಟನ್ನು ಉಳಿಸಲು ಯತ್ನಿಸಲಾಯಿತು. ಪಶುವಿಗೆ ಬೇರೆ ಕೊಟ್ಟಿಗೆ, ಮನುಷ್ಯನಿಗೆ ಗಾಳಿ ಬೆಳಕುಳ್ಳ ಕೋಣೆ.

ಈ ಸ್ಥಳಾಂತರವು ತಪ್ಪೋ ಸರಿಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಲ್ಲಿ, ಪಾಯಖಾನೆ, ಕಿಟಕಿ, ವಿದ್ಯುದ್ದೀಪಗಳುಳ್ಳ ಮನೆಯು ರೋಗಗ್ರಸ್ತ ಮಕ್ಕಳ ತಾಯಿಗೆ ವರವಾಗಿ ಕಂಡುದು ಸತ್ಯ. ಅದನ್ನು ಅಲ್ಲಗಳೆಯುವವರು ಒಂದು ರಾತ್ರಿಯನ್ನಾದರೂ ಹೇಸರಗತ್ತೆಯ ಬಳಿಯಲ್ಲಿ ಮಲಗಿ ನೋಡಬೇಕು. ಆದರೆ ವಠಾರಗಳು ಚದರಿದವು; ನೆರೆಯವರು ಬೇರೆ ಬೇರೆ ಬಡಾವಣೆಗಳ ಪಾಲಾದರು. ಮನೆ ಸಿಕ್ಕರೂ ಜಮೀನು ಸಾಲದೆ ಅನೇಕರು ತೂರಿನ್, ಮಿಲಾನ್ ನಗರಗಳ ಕಾರಖಾನೆಗಳಿಗೂ, ಜರ್ಮನಿ, ಸ್ವಿಟ್ಜರ್‌ಲೆಂಡುಗಳಿಗೂ ಹೊರಟುಹೋದರು. ಖಾಲಿಯಾದ ಗುಹೆಗಳ ಬಾಗಿಲುಗಳಿಗೆ ಇಟ್ಟಿಗೆಯ ಗೋಡೆ ಹಾಕಲಾಯಿತು. ೧೯೬೪ರಲ್ಲಿ ಬಿಡುಗಡೆಯಾದ ತನ್ನ ಕ್ರಿಸ್ತಚರಿತ್ರೆಯ ಚಿತ್ರಕ್ಕಾಗಿ ನಿರ್ದೇಶಕ ಪಾಸೊಲೀನಿಯು ಇಲ್ಲಿಗೆ ಬಂದಾಗ, ಈ ಕಲ್ಲಿನ ಕೇರಿಗಳೇ ಅವನ ಜೆರೂಸಲೇಮ್ ಆದವು.

ಊರಿನ ತರುಣರು ಮಾತ್ರ ಅದನ್ನು ಮರೆಯಲಿಲ್ಲ. ೧೯೫೯ರಲ್ಲಿ ಅವರು ಲಾ ಸ್ಕಲೆತ್ತಾ ಎಂಬ ಸಂಘವನ್ನು ಕಟ್ಟಿ, ಗುಹಾದೇವಾಲಯಗಳನ್ನು ಒಂದೊಂದಾಗಿ ಹುಡುಕಿ ದಾಖಲಿಸಿದರು. ೧೯೬೬ರಲ್ಲಿ ಆ ಕುರಿತು ಗ್ರಂಥವನ್ನೂ ಹೊರತಂದರು. ಇಂತಹ ಪ್ರಯತ್ನಗಳ ಫಲವಾಗಿ ೧೯೮೬ರಲ್ಲಿ ಸಾಸ್ಸಿಯ ಜೀರ್ಣೋದ್ಧಾರಕ್ಕೆ ಕಾನೂನಾಯಿತು. ಸರಕಾರದ ವಶದಲ್ಲಿದ್ದ ಮನೆಗಳನ್ನು ದುರಸ್ತಿ ಮಾಡಿಕೊಂಡು ವಾಸಿಸುವವರಿಗೆ ದೀರ್ಘಾವಧಿಗೆ ಕೊಡಲಾಯಿತು. ೧೯೯೩ರಲ್ಲಿ ಯುನೆಸ್ಕೋ ಮನ್ನಣೆ. ೨೦೧೯ರಲ್ಲಿ ಐರೋಪ್ಯ ಸಾಂಸ್ಕೃತಿಕ ರಾಜಧಾನಿ ಎಂಬ ಪಟ್ಟ.

ಇಂದು ಬಾರಿ ನಗರದಿಂದ ಕಿರುಹಳಿಯ ರೈಲಿನಲ್ಲಿ ಮಾತೇರಕ್ಕೆ ಬರುವ ಯಾತ್ರಿಕರು, ಹಿಂದೆ ಹೇಸರಗತ್ತೆ ಕಟ್ಟುತ್ತಿದ್ದ ಗುಹೆಗಳಲ್ಲಿಯೇ ಹಣ ತೆತ್ತು ತಂಗುತ್ತಾರೆ. ಹಾಸಿಗೆಯ ಮೇಲೆ ಬಿಳಿಯ ವಸ್ತ್ರ, ಗೋಡೆಯಲ್ಲಿ ಮಂದವಾದ ದೀಪ. ತೊಟ್ಟಿಯಿದ್ದ ಎಡೆಯಲ್ಲಿ ಕೆಲವು ಕಡೆ ಸ್ನಾನದ ಕೊಳವಿದೆ. ಕೆಲವು ಗುಹೆಗಳನ್ನು ಮಾತ್ರ ಹಳೆಯಂತೆಯೇ ಮಂಚ, ತೊಟ್ಟಿಲು, ಮಗ್ಗಗಳೊಂದಿಗೆ ಸಜ್ಜುಗೊಳಿಸಿ ಪ್ರದರ್ಶನಕ್ಕೆ ಇಡಲಾಗಿದೆ. ಇದರಿಂದ ಊರಿನ ತರುಣರಿಗೆ ಉದ್ಯೋಗ ದೊರೆತಿದೆ, ಕಲ್ಲು ಕುಸಿಯದೆ ಉಳಿದಿದೆ. ಅದು ಸಣ್ಣ ಲಾಭವಲ್ಲ. ಆದರೆ ವಾಸದ ಮನೆಗಳೆಲ್ಲ ತಂಗುಮನೆಗಳಾದರೆ ಊರೆಂಬುದು ಏನಾದೀತು ಎಂದು ಅಲ್ಲಿಯವರು ಚಿಂತಿಸುತ್ತಿರುವುದೂ ಉಂಟು.

ಮಾತೇರದ ಕಥೆಯಿಂದ ತಿಳಿಯುವ ಸಂಗತಿಯೊಂದಿದೆ. ಅವಮಾನವು ಬಂಡೆಯಲ್ಲಿರಲಿಲ್ಲ, ಬಂಡೆಯ ಅಡಿಯಲ್ಲಿದ್ದವರನ್ನು ದೇಶವು ಮರೆತಿದ್ದುದರಲ್ಲಿತ್ತು. ಹಾಗೆಯೇ ಇಂದಿನ ಗೌರವವು ಬಂಡೆಗೆ ಮಾತ್ರ ಸಂದರೆ ಸಾಲದು. ಅದನ್ನು ಕೊರೆದು, ನೀರನ್ನು ಕೂಡಿಟ್ಟು, ವಠಾರವನ್ನು ನಡೆಸಿದವರಿಗೂ ಸಲ್ಲಬೇಕು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಪರರ ಹಾಸಿಗೆ ಹಾಸಿ, ಪರರ ಎಲೆಗೆ ಬಡಿಸಿ, ಪರರ ಲೆಕ್ಕ ಬರೆಯುವ ನಮಗೆ ಈ ಮಾತು ಬೇಗನೆ ತಿಳಿಯುತ್ತದೆ. ವರ್ಷಕ್ಕೊಮ್ಮೆ, ಜುಲೈ ೨ರಂದು, ಮಾತೇರದಲ್ಲಿ ಬ್ರೂನಾ ಮಾತೆಯ ಉತ್ಸವ ನಡೆಯುತ್ತದೆ. ತಿಂಗಳುಗಟ್ಟಲೆ ಶ್ರಮಿಸಿ ಕಾಗದದ ಮುದ್ದೆಯಿಂದ ಮಾಡಿದ ಶೃಂಗಾರದ ರಥವನ್ನು ಜನರು ಸಂಜೆ ಮುರಿದು, ಒಂದೊಂದು ಚೂರನ್ನು ಮನೆಗೆ ಒಯ್ಯುತ್ತಾರೆ. ಮರುವರ್ಷಕ್ಕೆ ಹೊಸ ರಥ ಸಿದ್ಧವಾಗುತ್ತದೆ. ೧೩೮೯ರಿಂದ ನಡೆದುಬಂದಿರುವ ಹಬ್ಬವಿದು. ಮನೆಗಳು ಬರಿದಾದ ವರ್ಷಗಳಲ್ಲಿಯೂ ಹಬ್ಬವು ಉಳಿದುಕೊಂಡಿತು; ಊರನ್ನು ಬಿಟ್ಟವರಿಗೂ ಊರೆಂಬುದು ಇನ್ನೂ ಇದೆಯೆಂಬುದಕ್ಕೆ ಅದೇ ಗುರುತಾಗಿದೆ.